ಸ್ಟಾಂಪು ಕೀಳುವವರ ಗಮನಕ್ಕೆ

ಅಂಚೆಚೀಟಿ ಸಂಗ್ರಹವೆಂದರೆ 'ಹವ್ಯಾಸಗಳ ರಾಜ' ಎನ್ನುವ ಮಾತನ್ನು ಮಕ್ಕಳ ಪ್ರಬಂಧಗಳಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಓದುತ್ತ ಬಂದಿದ್ದೇನೆ. 'ನನ್ನ ಮೆಚ್ಚಿನ ಹವ್ಯಾಸ' ಎಂದು ವಿಷಯ ಕೊಟ್ಟರೆ ಸಾಕು, ತರಗತಿಯಲ್ಲಿ ನಾಲ್ಕು ಮಂದಿಯಾದರೂ ಅದನ್ನೇ ಬರೆಯುತ್ತಾರೆ. ಅವರಲ್ಲಿ ಮೂವರು ಜೀವಮಾನದಲ್ಲಿ ಒಂದು ಸ್ಟಾಂಪನ್ನೂ ಕೂಡಿಟ್ಟವರಲ್ಲ. ಗೈಡಿನಲ್ಲಿದ್ದದ್ದನ್ನು ಉರುಹೊಡೆದು ಬರೆದವರು. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಂದ ಯಾರಿಗೂ ನಷ್ಟವಾಗಿಲ್ಲ. ನನ್ನ ತಕರಾರಿರುವುದು ನಿಜವಾಗಿಯೂ ಸ್ಟಾಂಪು ಕೂಡಿಡುವ ನಾಲ್ಕನೆಯವನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವನಿಗೆ ಆ ಹವ್ಯಾಸವನ್ನು ತಪ್ಪಾಗಿ ಕಲಿಸಿದ ನಮ್ಮಂಥ ದೊಡ್ಡವರ ಲೋಕದ ಬಗ್ಗೆ.

ನಾವು ಕಲಿಸುವ ವಿಧಾನ ನಿಮಗೂ ಗೊತ್ತಿದೆ. ಮನೆಗೆ ಬಂದ ಲಕೋಟೆಯ ಮೂಲೆಯನ್ನು ಕತ್ತರಿಯಿಂದ ಕತ್ತರಿಸುವುದು. ತಟ್ಟೆಯಲ್ಲಿ ನೀರು ಹಾಕಿ ಅರ್ಧ ಗಂಟೆ ನೆನೆಸುವುದು. ಗೋಂದು ಬಿಟ್ಟ ಮೇಲೆ ಸ್ಟಾಂಪನ್ನು ಮೆಲ್ಲಗೆ ಎತ್ತಿ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಣಗಿಸಿ, ಆಲ್ಬಮ್ಮಿನಲ್ಲಿ ದೇಶವಾರು ಅಂಟಿಸುವುದು. ಉಳಿದ ಲಕೋಟೆ ಬಚ್ಚಲ ಒಲೆಗೆ. ಕಬ್ಬನ್ನು ಬೀದಿಗೆಸೆದು ಸೋಗೆಯನ್ನು ಅಟ್ಟದ ಮೇಲೆ ಜೋಪಾನವಾಗಿ ಕಟ್ಟಿಟ್ಟ ಹಾಗಾಯಿತು ಇದು. ಸೋಗೆಯೂ ಕಬ್ಬಿನದೇ, ಹಸಿರಾಗಿಯೂ ಇರುತ್ತದೆ. ಆದರೆ ರಸ ಇದ್ದದ್ದು ಎಲ್ಲಿ?

ಸ್ಟಾಂಪು ಏಕೆ ಹುಟ್ಟಿತು ಎಂಬುದನ್ನು ನೆನಪು ಮಾಡಿಕೊಂಡರೆ ನನ್ನ ಮಾತು ಸುಲಭವಾಗಿ ಅರ್ಥವಾದೀತು. 1840ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕಾಗದ ಪಡೆದವರೇ ಅದರ ಖರ್ಚು ಕೊಡಬೇಕಾಗಿತ್ತು. ರೋಲೆಂಡ್ ಹಿಲ್ ಎಂಬಾತನ ಸುಧಾರಣೆಯಿಂದಾಗಿ ಕಳಿಸುವವರು ಮೊದಲೇ ಹಣ ಕೊಡುವ ಪದ್ಧತಿ ಬಂತು. ಕೊಟ್ಟ ಹಣಕ್ಕೆ ರಸೀದಿಯಾಗಿ ಈ ಪುಟ್ಟ ಚೀಟಿ ಹುಟ್ಟಿತು. ಒಮ್ಮೆ ಬಳಸಿದ ರಸೀದಿಯನ್ನು ಮತ್ತೆ ಬಳಸಬಾರದೆಂದು ಅದರ ಮೇಲೆ ಠಸ್ಸೆ ಹೊಡೆದರು. ಆ ಠಸ್ಸೆ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಲಕೋಟೆಯ ಮೇಲೆ ಬೀಳುತ್ತದೆ. ಅದರಲ್ಲಿ ಕಾಗದ ಹೊರಟ ಊರಿದೆ, ತಾರೀಖಿದೆ. ಲಕೋಟೆಯ ನಡುವೆ ವಿಳಾಸವಿದೆ. ಹಿಂಬದಿಯಲ್ಲಿ ಕಾಗದ ತಲುಪಿದ ಅಂಚೆ ಕಚೇರಿಯ ಠಸ್ಸೆಯೂ ಎಷ್ಟೋ ಸಲ ಇರುತ್ತದೆ. ಎಲ್ಲಿಂದ, ಯಾವಾಗ, ಯಾರಿಗೆ, ಎಷ್ಟು ಹಣಕ್ಕೆ, ಎಷ್ಟು ದಿನಕ್ಕೆ ಎಂಬ ಐದು ಪ್ರಶ್ನೆಗಳಿಗೆ ಐದು ಉತ್ತರಗಳು ಒಂದೇ ಕಾಗದದ ಮೇಲಿವೆ. ಅದರಿಂದ ಸ್ಟಾಂಪನ್ನು ಬಿಡಿಸಿಕೊಂಡರೆ 'ಎಷ್ಟು ಹಣಕ್ಕೆ' ಎಂಬ ಒಂದು ಉತ್ತರ, ಅದೂ ಅರೆಬರೆಯಾಗಿ, ಕೈಯಲ್ಲುಳಿಯುತ್ತದೆ.

ಹಣದ ಲೆಕ್ಕದಲ್ಲೇ ಮಾತನಾಡುವವರಿಗೆ ಹಣದ ಲೆಕ್ಕದಲ್ಲೇ ಹೇಳುತ್ತೇನೆ. ಜಗತ್ತಿನ ಮೊದಲ ಅಂಚೆಚೀಟಿಯಾದ ಪೆನ್ನಿ ಬ್ಲ್ಯಾಕ್ ಬಹಳ ಅಪರೂಪದ್ದೆಂದು ತಿಳಿದವರು ಅನೇಕರು. ಅದು 6 ಕೋಟಿ 80 ಲಕ್ಷಕ್ಕೂ ಹೆಚ್ಚು ಅಚ್ಚಾಗಿತ್ತು. ಅದು ಅಧಿಕೃತವಾಗಿ ಬಳಕೆಗೆ ಬಂದದ್ದು 1840ರ ಮೇ 6ರಂದು. ಆದರೆ ಕೆಲವು ಕಡೆ ಅಂಚೆಯವರು ಅವಸರಪಟ್ಟು ಅದಕ್ಕೂ ಮೊದಲೇ ಮಾರಿಬಿಟ್ಟರು. ಬಾತ್ ಎಂಬ ಊರಿನಿಂದ ಮೇ 2ರಂದೇ ಹೊರಟ ಕಾಗದವುಂಟು. ಅಂಥ ಕಾಗದಕ್ಕಿರುವ ಬೆಲೆ ಅದೇ ಸ್ಟಾಂಪಿಗೆ ಬಿಡಿಯಾಗಿ ಇಲ್ಲ. ಏಕೆಂದರೆ ಮೇ 2 ಎಂದು ಹೇಳುವುದು ಸ್ಟಾಂಪಲ್ಲ, ಅದು ಅಂಟಿಕೊಂಡಿರುವ ಕಾಗದ.

ಮಾರಿಷಸ್ಸಿನ ಉದಾಹರಣೆ ಇನ್ನೂ ಚೆನ್ನಾಗಿದೆ. 1847ರಲ್ಲಿ ಆ ದ್ವೀಪದಲ್ಲಿ ಹೊರಟ ಎರಡು ಸ್ಟಾಂಪುಗಳು, ಒಂದು ಪೆನ್ನಿಯದು ಮತ್ತು ಎರಡು ಪೆನ್ಸಿನದು, ಫ್ರಾನ್ಸಿನ ಬೋರ್ಡೊ ನಗರದ ದ್ರಾಕ್ಷಾರಸದ ವ್ಯಾಪಾರಿಗಳಿಗೆ ಹೋದ ಒಂದು ಕಾಗದದ ಮೇಲೆ ಜೊತೆಯಾಗಿ ಉಳಿದಿವೆ. ಆ ಕಾಗದ 1993ರಲ್ಲಿ 50 ಲಕ್ಷಕ್ಕೂ ಹೆಚ್ಚು ಸ್ವಿಸ್ ಫ್ರಾಂಕುಗಳಿಗೆ ಹರಾಜಾಯಿತು. ಅದೇ ಒಂದು ಪೆನ್ನಿಯ ಸ್ಟಾಂಪು ಎರಡಿರುವ ಇನ್ನೊಂದು ಲಕೋಟೆ ನಮ್ಮ ದೇಶಕ್ಕೇ ಬಂದಿತ್ತು. 1850ರ ಜನವರಿಯಲ್ಲಿ ಮಾರಿಷಸ್ಸಿನಿಂದ ಮುಂಬಯಿಯ ಬೈಬಲ್ ಸೊಸೈಟಿಯ ಕಾರ್ಯದರ್ಶಿಗೆ ಬಂದ ಕಾಗದ ಅದು. 1897ರಲ್ಲಿ ಭಾರತದ ಒಂದು ಬಜಾರಿನಲ್ಲಿ ಸಿಕ್ಕಿತು. ಐವತ್ತು ವರ್ಷ ಅದು ಯಾರ ಪೆಟ್ಟಿಗೆಯಲ್ಲಿತ್ತೋ ಏನೋ, ಆ ಮನೆಯಲ್ಲಿ ತಟ್ಟೆಗೆ ನೀರು ಹಾಕಿಕೊಂಡು ಕೂತ ಉತ್ಸಾಹಿ ಹುಡುಗನೊಬ್ಬ ಇರಲಿಲ್ಲವೆಂಬುದೇ ನಮ್ಮ ಪುಣ್ಯ.

'ಟೀಚರ್, ಮಾರಿಷಸ್ಸಿನ ಮಾತು ಬಿಡಿ. ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಂಥದ್ದೇನಿದೆ?' ಎಂದು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ನನ್ನ ಎಂಟನೆಯ ತರಗತಿಯ ಒಬ್ಬಳು ಹುಡುಗಿಯಿಂದ. ಕೆಲವು ವರ್ಷಗಳ ಹಿಂದೆ ಒಂದು ಹವ್ಯಾಸ ಪ್ರದರ್ಶನಕ್ಕೆ ಅವಳು ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದಿದ್ದಳು. ಅದರಲ್ಲಿ ಅಜ್ಜಿಯ ಟ್ರಂಕಿನಿಂದ ತೆಗೆದ ನಲವತ್ತೋ ಐವತ್ತೋ ಲಕೋಟೆಗಳು. ಯಾವುದರಿಂದಲೂ ಸ್ಟಾಂಪು ಕಿತ್ತಿರಲಿಲ್ಲ. ಠಸ್ಸೆಯ ತಾರೀಖು ನೋಡಿ ಸಾಲಾಗಿ ಜೋಡಿಸಿದ್ದಳು. ಅವಳ ಪಕ್ಕದಲ್ಲಿ ಒಬ್ಬ ಹುಡುಗ ಇನ್ನೂರು ಸ್ಟಾಂಪುಗಳ ಮಿರುಗುವ ಆಲ್ಬಮ್ ಇಟ್ಟುಕೊಂಡು ನಿಂತಿದ್ದ. ತೀರ್ಪುಗಾರರೊಬ್ಬರು ಅವಳ ಪೆಟ್ಟಿಗೆಯನ್ನು ನೋಡಿ, 'ಇದೇನಮ್ಮಾ, ರದ್ದಿ ಕಾಗದ? ಸ್ಟಾಂಪುಗಳನ್ನೆಲ್ಲ ಬಿಡಿಸಿ ನೀಟಾಗಿ ಅಂಟಿಸಿಕೊಂಡು ಮುಂದಿನ ವರ್ಷ ಬಾ' ಎಂದರು. ಬಹುಮಾನ ಆಲ್ಬಮ್ಮಿಗೆ ಹೋಯಿತು. ನಾನು ಅಲ್ಲೇ ತಕರಾರು ಎತ್ತಿದೆ. 'ನಿಯಮದಲ್ಲಿ ಅಂಚೆಚೀಟಿ ಸಂಗ್ರಹ ಎಂದಿದೆ, ಲಕೋಟೆ ಸಂಗ್ರಹ ಎಂದಿಲ್ಲ' ಎಂಬ ಉತ್ತರ ಸಿಕ್ಕಿತು.

ಆ ರದ್ದಿ ಕಾಗದದಲ್ಲಿ ಏನಿತ್ತು ಎಂದು ಹೇಳುತ್ತೇನೆ. ಎಲ್ಲ ಲಕೋಟೆಗಳೂ ಕುಂದಾಪುರ ತಾಲೂಕಿನ ಒಂದೇ ಹಳ್ಳಿಯ ಒಂದೇ ಮನೆಗೆ ಬಂದವು. ಅತ್ಯಂತ ಹಳೆಯವುಗಳ ಮೇಲೆ 'ಸೌತ್ ಕೆನರಾ, ಮದರಾಸು' ಎಂದಿತ್ತು. 1956ರ ನವೆಂಬರ್ 1ರ ನಂತರದವುಗಳ ಮೇಲೆ 'ಮೈಸೂರು ರಾಜ್ಯ' ಎಂದಾಯಿತು. 1957ರ ಏಪ್ರಿಲ್ ಕಳೆದ ಮೇಲೆ ಸ್ಟಾಂಪಿನ ಆಣೆ ಹೋಗಿ ನಯಾಪೈಸೆ ಬಂತು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದ ಮೇಲಿನ ಕೆಲವು ಲಕೋಟೆಗಳಲ್ಲಿ 576ರಿಂದ ಶುರುವಾಗುವ ಆರು ಅಂಕಿಗಳು ಕಾಣಿಸಿಕೊಂಡವು. 1973ರ ನವೆಂಬರ್ ದಾಟಿದ ಮೇಲೆ 'ಕರ್ನಾಟಕ' ಬಂತು. ಕೊನೆಯ ನಾಲ್ಕೈದರ ಮೇಲೆ, 1997ರ ನಂತರ, 'ಉಡುಪಿ ಜಿಲ್ಲೆ'. ಮನೆ ಒಂದಡಿಯೂ ಕದಲಲಿಲ್ಲ. ಅಂಗಳದ ತುಳಸಿಕಟ್ಟೆ ಇದ್ದಲ್ಲೇ ಇತ್ತು. ಆದರೆ ಅದೇ ಮನೆ ಮೂರು ಹೆಸರಿನ ರಾಜ್ಯಗಳಲ್ಲಿ, ಎರಡು ಜಿಲ್ಲೆಗಳಲ್ಲಿ ಬಾಳಿತು. ಕರ್ನಾಟಕದ ಏಕೀಕರಣವನ್ನು ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಇಸವಿ ಬರೆದು ಕಲಿಸಿದ್ದೇನೆ, ಮಕ್ಕಳು ಆಕಳಿಸಿದ್ದಾರೆ. ಆ ಲಕೋಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ ದಿನ ಒಬ್ಬರೂ ಆಕಳಿಸಲಿಲ್ಲ. ಇದರಲ್ಲಿ ಸ್ಟಾಂಪಿನ ಪಾಲೆಷ್ಟು? ಆಣೆಯಿಂದ ನಯಾಪೈಸೆಗೆ ಆದ ಬದಲಾವಣೆ ಒಂದೇ. ಉಳಿದದ್ದೆಲ್ಲ ಆ ತೀರ್ಪುಗಾರರು ಬಿಸಾಡು ಎಂದ ಭಾಗದಲ್ಲಿತ್ತು.

ಸ್ಟಾಂಪು ಅಗ್ಗದ್ದಾದಷ್ಟೂ ಲಕೋಟೆಯ ಮಾತಿಗೆ ತೂಕ ಹೆಚ್ಚು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ, ಅಂದರೆ ಇಂದಿನ ಪ್ರಯಾಗರಾಜದಿಂದ, ಯಮುನೆಯ ಆಚೆಯ ನೈನಿಗೆ ಹೆನ್ರಿ ಪೆಕೆ ಎಂಬ ಫ್ರೆಂಚ್ ವಿಮಾನಿ ಸುಮಾರು 6,500 ಕಾಗದಗಳನ್ನು ಹಾರಿಸಿಕೊಂಡು ಹೋದ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು. ಆ ಕಾಗದಗಳ ಮೇಲಿದ್ದದ್ದು ಅಂದಿನ ಮಾಮೂಲು ಸ್ಟಾಂಪುಗಳೇ. ಹಾರಿದ ಕಥೆ ಹೇಳುವುದು ಅದಕ್ಕಾಗಿಯೇ ಮಾಡಿಸಿದ, ವಿಮಾನದ ಚಿತ್ರವಿರುವ ಠಸ್ಸೆ. ನೀರಿಗೆ ಹಾಕಿದರೆ ವಿಮಾನದ ಒಂದು ರೆಕ್ಕೆ ಸ್ಟಾಂಪಿನಲ್ಲುಳಿದೀತು, ಇನ್ನೊಂದು ಒಲೆಗೆ ಹೋದೀತು.

ಬ್ರಿಟಿಷ್ ದೊರೆಯ ತಲೆಯಿರುವ ಸ್ಟಾಂಪನ್ನು ಮಕ್ಕಳು 'ಬ್ರಿಟಿಷರ ಕಾಲದ್ದು' ಎಂಬ ಪುಟಕ್ಕೆ ಅಂಟಿಸುತ್ತಾರೆ. ಸ್ವತಂತ್ರ ಭಾರತದ ಮೊದಲ ಸ್ಟಾಂಪು ಹೊರಟದ್ದು 1947ರ ನವೆಂಬರ್ 21ರಂದು. ದಿನಬಳಕೆಯ ಹೊಸ ಸರಣಿ ಬಂದದ್ದು 1949ರ ಆಗಸ್ಟ್ 15ಕ್ಕೆ. ಅಲ್ಲಿಯವರೆಗೂ ಸ್ವತಂತ್ರ ದೇಶದ ಜನ ದೊರೆಯ ತಲೆಯನ್ನೇ ಎಂಜಲು ಹಚ್ಚಿ ಅಂಟಿಸುತ್ತಿದ್ದರು. ಈ ತಮಾಷೆಯ ಸತ್ಯ 1948ರ ಠಸ್ಸೆಯಿರುವ ಲಕೋಟೆಯಲ್ಲಿ ಮಾತ್ರ ಕಾಣುತ್ತದೆ. ಬಿಡಿಸಿದ ಸ್ಟಾಂಪು ಮಗುವಿಗೆ ಸುಳ್ಳು ಹೇಳುತ್ತದೆ.

ಬಾಂಗ್ಲಾದೇಶದ ನಿರಾಶ್ರಿತರಿಗಾಗಿ 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ನಾವೆಲ್ಲ ಕಾಗದಕ್ಕೆ ಐದು ಪೈಸೆ ಹೆಚ್ಚು ಕೊಟ್ಟೆವು. ಮೊದಲಿಗೆ ಕುಟುಂಬ ಯೋಜನೆಯ ಐದು ಪೈಸೆ ಸ್ಟಾಂಪಿನ ಮೇಲೇ 'ರೆಫ್ಯೂಜಿ ರಿಲೀಫ್' ಎಂದು ಅಚ್ಚೊತ್ತಿ ಮಾರಿದರು. ಬೆಂಗಳೂರಿನಲ್ಲಿ ಸ್ಥಳೀಯವಾಗಿಯೇ ಅಚ್ಚೊತ್ತಿದ್ದೂ ಉಂಟು. ಬಿಡಿಯಾಗಿ ಅದಕ್ಕೆ ಇವತ್ತಿಗೂ ಚಿಲ್ಲರೆ ಬೆಲೆ. ಆದರೆ ಯಾವುದೋ ಹಳ್ಳಿಯ ಬಡ ತಾಯಿ ಮಗನಿಗೆ ಬರೆದ ಕಾಗದದ ಮೇಲೆ ಮಾಮೂಲು ಸ್ಟಾಂಪಿನ ಪಕ್ಕದಲ್ಲಿ ಅದನ್ನು ನೋಡಿದರೆ, ಒಂದು ದೇಶ ಐದೈದು ಪೈಸೆ ಕೂಡಿಸಿ ಲಕ್ಷಾಂತರ ಜನರಿಗೆ ಅನ್ನ ಹಾಕಿದ್ದು ಹೇಗೆಂದು ಕಣ್ಣಿಗೆ ಕಾಣುತ್ತದೆ.

ಘಟ್ಟದ ಮೇಲಿನವರ ಕಥೆ ಇನ್ನೊಂದು ಬಗೆಯದು. ಅಂಚೆ ಎಂಬ ಪದವನ್ನು ನಮ್ಮ ನಾಲಗೆಯಲ್ಲಿ ನೆಲೆಗೊಳಿಸಿದ ಮೈಸೂರು ಸಂಸ್ಥಾನದ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದೆಂದು ಪ್ರಸಿದ್ಧಿ. 1889ರಲ್ಲಿ ಅದು ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ತಿರುವಾಂಕೂರು, ಹೈದರಾಬಾದುಗಳಂತೆ ಮೈಸೂರು ತನ್ನದೇ ಸ್ಟಾಂಪು ಹೊರಡಿಸಲಿಲ್ಲ. ಅದರ ಗುರುತು ಉಳಿದಿರುವುದು ಕಾಗದಗಳ ಮೇಲೆ ಒತ್ತಿದ ಮುದ್ರೆಗಳಲ್ಲಿ. ಆಲ್ಬಮ್ಮಿನ ಧರ್ಮವನ್ನು ನಂಬಿದರೆ ಮೈಸೂರಿಗೆ ಅಂಚೆಯೇ ಇರಲಿಲ್ಲವೆನ್ನಬೇಕು!

ಇದೆಲ್ಲ ಚರಿತ್ರೆಯ ಮಾತಾಯಿತು. ಚರಿತ್ರೆಯ ಗೊಡವೆ ಬೇಡವೆನ್ನುವವರಿಗೆ ಮನೆಯ ಮಾತೊಂದನ್ನು ಹೇಳುತ್ತೇನೆ. ನನ್ನ ದೊಡ್ಡಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ನಮ್ಮ ಕರಾವಳಿಯಲ್ಲಿ ಇದೇನೂ ವಿಶೇಷವಲ್ಲ. ಪ್ರತಿ ಮನೆಯಿಂದ ಒಬ್ಬರಾದರೂ ಹಾಗೆ ಹೋದವರಿದ್ದರು. ನಾನು ಹತ್ತು ವರ್ಷದವಳಿದ್ದಾಗ ಅವರು ಆ ಕೆಲಸ ಬಿಟ್ಟು ಎಲ್ಲೋ ಹೋದರು. ಆಮೇಲೆ ಒಂದೇ ಕಾಗದ ಬಂತು. 'ಕ್ಷೇಮವಾಗಿದ್ದೇನೆ. ಜಾಗ ಖಾಯಂ ಆದ ಮೇಲೆ ವಿಳಾಸ ತಿಳಿಸುತ್ತೇನೆ' ಎಂಬಷ್ಟೇ ಅದರ ಸಾರ. ತಾರೀಖು ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಮೇಲೆ 'ಶುಕ್ರವಾರ' ಎಂದಿತ್ತು. ದೊಡ್ಡಮ್ಮ ಕಾಗದವನ್ನು ದೇವರ ಪಟದ ಹಿಂದೆ ಇಟ್ಟರು, ಲಕೋಟೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದರು.

ಆ ಬೇಸಿಗೆಯ ರಜೆಯಲ್ಲಿ ಬಂದ ನೆಂಟರ ಹುಡುಗನೊಬ್ಬ ಸ್ಟಾಂಪನ್ನು ಬಿಡಿಸಿಕೊಂಡ. ಅವನ ಶಾಲೆಯಲ್ಲಿ ಹಾಗೆ ಮಾಡಿದವರಿಗೆ ಶಹಬಾಸ್‌ಗಿರಿ ಇತ್ತು. ಉಳಿದ ಲಕೋಟೆ ಬಚ್ಚಲ ಒಲೆ ಸೇರಿತು. ಯಾರೂ ಬೈಯಲಿಲ್ಲ, ಕಾಗದ ಹೇಗೂ ಇತ್ತಲ್ಲ. ಮುಂದೆ ಎರಡು ವರ್ಷವಾದರೂ ಸುದ್ದಿಯಿಲ್ಲದೆ, ಹುಡುಕಲು ಹೊರಟ ಸೋದರಮಾವ 'ಕೊನೆಯ ಕಾಗದದ ಮೇಲೆ ಯಾವ ಊರಿನ ಸೀಲಿತ್ತು?' ಎಂದು ಕೇಳಿದಾಗ ಮನೆಯವರು ಮುಖ ಮುಖ ನೋಡಿಕೊಂಡರು. ಹುಡುಗನ ಆಲ್ಬಮ್ ತರಿಸಿದರು. ಸ್ಟಾಂಪು ಚೆನ್ನಾಗಿಯೇ ಇತ್ತು. ಅದರ ಮೇಲೆ ಠಸ್ಸೆಯ ಕಾಲು ಭಾಗವಿತ್ತು. ಇಂಗ್ಲಿಷಿನಲ್ಲಿ ಪಿ, ಯು, ಆರ್ ಎಂಬ ಮೂರು ಅಕ್ಷರಗಳು, 14 ಎಂಬ ಅಂಕಿ. ತಿಂಗಳಿಲ್ಲ, ಇಸವಿಯಿಲ್ಲ. 'ಪುರ' ಎಂದು ಕೊನೆಯಾಗುವ ಊರುಗಳು ಈ ದೇಶದಲ್ಲಿ ಎಷ್ಟು? ಸೊಲ್ಲಾಪುರ, ಕೊಲ್ಹಾಪುರ, ನಾಗಪುರ, ಜಬಲ್ಪುರ, ರಾಯಪುರ, ಕಾನಪುರ... ಮಾವ ಎರಡು ಊರುಗಳಿಗೆ ಹೋಗಿ ಹೋಟೆಲು ಹೋಟೆಲು ಕೇಳಿ ವಾಪಸು ಬಂದರು. ದೊಡ್ಡಮ್ಮ ಇನ್ನೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದರು. ಹಣೆಯ ಕುಂಕುಮ ಇಡಬೇಕೋ ಬೇಡವೋ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ; ಅವರು ಕೊನೆಯವರೆಗೂ ಇಟ್ಟುಕೊಂಡರು. ಲಕೋಟೆ ಇದ್ದಿದ್ದರೆ ದೊಡ್ಡಪ್ಪ ಸಿಗುತ್ತಿದ್ದರೆಂದು ನಾನು ಹೇಳುವುದಿಲ್ಲ. ಹುಡುಕುವುದಕ್ಕೆ ಒಂದು ಊರಾದರೂ ಇರುತ್ತಿತ್ತು.

ಎದುರು ವಾದಗಳಿಗೆ ಬರೋಣ. ಲಕೋಟೆಗಳಿಗೆ ಜಾಗ ಬೇಕು ಎನ್ನುತ್ತಾರೆ. ನೂರು ಲಕೋಟೆ ಒಂದು ಚಪ್ಪಲಿ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ಖಾಲಿ ಪ್ಲಾಸ್ಟಿಕ್ ಡಬ್ಬಗಳಿಗೆ ಇದಕ್ಕಿಂತ ಹೆಚ್ಚು ಜಾಗವಿದೆ. ಕಾಗದ ಖಾಸಗಿಯದು, ಪ್ರದರ್ಶನಕ್ಕಿಡಬಾರದು ಎನ್ನುತ್ತಾರೆ. ಒಪ್ಪಿದೆ. ಒಳಗಿನ ಕಾಗದ ನಿಮ್ಮದು, ಅದನ್ನು ತೆಗೆದಿಡಿ. ಲಕೋಟೆಯ ಹೊರಮೈಯನ್ನು ಅಂಚೆಯವರೆಲ್ಲ ಮೊದಲೇ ಓದಿದ್ದಾರೆ. ಕಾಗದದ ನೀರಚ್ಚು, ಹಿಂಬದಿಯ ಅಚ್ಚಿನ ದೋಷಗಳನ್ನು ಅಭ್ಯಾಸ ಮಾಡಲು ಸ್ಟಾಂಪನ್ನು ಬಿಡಿಸಲೇಬೇಕು ಎನ್ನುವ ಪಂಡಿತರಿದ್ದಾರೆ. ಅದೂ ನಿಜವೇ. ಅದಕ್ಕೆ ಒಂದೇ ಬಗೆಯ ಸಾವಿರಾರು ಬಿಡಿ ಸ್ಟಾಂಪುಗಳು ಈಗಾಗಲೇ ಜಗತ್ತಿನಲ್ಲಿವೆ. ಹೊಸದಾಗಿ ಕೀಳುವ ಅಗತ್ಯವಿಲ್ಲ.

'ನಾವೂ ಕವರು ಕೂಡಿಡುತ್ತೇವೆ' ಎಂದು ಮೊದಲ ದಿನದ ಲಕೋಟೆಗಳನ್ನು ತೋರಿಸುವವರೂ ಉಂಟು. ಅವು ಚೆಂದವೇ. ಆದರೆ ಕೌಂಟರಿನಲ್ಲಿ ಕೊಂಡು, ಅಲ್ಲೇ ಠಸ್ಸೆ ಹಾಕಿಸಿಕೊಂಡು, ಯಾರಿಗೂ ಕಳಿಸದೆ ಮನೆಗೆ ತಂದದ್ದು ಪ್ರಯಾಣ ಮಾಡದವರ ಪ್ರವಾಸಕಥನದ ಹಾಗೆ. ಅಂಗಡಿಯ ಪೊಟ್ಟಣಗಳಂತೂ ಕೇಳಲೇಬೇಡಿ. ನಮ್ಮ ಬಾಲ್ಯದ ಆಲ್ಬಮ್ಮುಗಳಲ್ಲಿ 'ಮಗ್ಯಾರ್ ಪೋಸ್ಟಾ' ಎಂಬ ಬಣ್ಣದ ತ್ರಿಕೋನ ಸ್ಟಾಂಪುಗಳು ಎಷ್ಟಿದ್ದವು! ಅವು ಹಂಗೇರಿಯವು. ಅವುಗಳಲ್ಲಿ ಎಷ್ಟೋ ಸಂಗ್ರಹಕಾರರಿಗೆ ಮಾರಲೆಂದೇ ಹಾಳೆಹಾಳೆಯಾಗಿ ಠಸ್ಸೆ ಹೊಡೆದವು. ಒಂದು ಕಾಗದವನ್ನೂ ಯಾರ ಮನೆಗೂ ಮುಟ್ಟಿಸಿದವಲ್ಲ. ಮಗುವಿಗೆ ಅದನ್ನು ಕೊಂಡುಕೊಟ್ಟು, ಅಜ್ಜನ ಲಕೋಟೆಯನ್ನು ರದ್ದಿಗೆ ಹಾಕುವ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ.

ಇಷ್ಟು ಖಾರವಾಗಿ ಬರೆಯಲು ಕಾರಣವಿದೆ: ಹೊತ್ತು ಮೀರುತ್ತಿದೆ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಮನೆಗಳಿಗೆ ಕೈಬರಹದ ಕಾಗದ ಬರುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ಹೊಸ ಲಕೋಟೆಗಳು ಬರುವುದಿಲ್ಲ, ಇರುವುದಿಷ್ಟೇ. ಆ ಇರುವುದು ಹಳೆಯ ಮನೆ ಕೆಡವುವಾಗ, ಅಜ್ಜಿ ತೀರಿಕೊಂಡ ಮೇಲೆ ಕೋಣೆ ಖಾಲಿ ಮಾಡುವಾಗ, ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿದೆ. ಮುಂಬಯಿಯ ಹೋಟೆಲುಗಳಿಂದ ಬಂದವು, ಕೊಲ್ಲಿ ದೇಶಗಳಿಂದ ಬಂದವು, ಊರಿನ ಹೆಸರಿಲ್ಲದ ಬರೀ ನಂಬರಿನ ಸೇನಾ ಅಂಚೆಯ ಠಸ್ಸೆ ಹೊತ್ತು ಗಡಿಯಿಂದ ಬಂದವು, ಎರಡನೆಯ ಮಹಾಯುದ್ಧದಲ್ಲಿ ಸೆನ್ಸಾರಿನವರು ಒಡೆದು ಮತ್ತೆ ಚೀಟಿ ಅಂಟಿಸಿ ಕಳಿಸಿದವು, ಎಲ್ಲವೂ ಒಂದೇ ತಕ್ಕಡಿಯಲ್ಲಿ. ಗುಜರಿಯಿಂದ ತಪ್ಪಿಸಿಕೊಂಡದ್ದನ್ನು ಕತ್ತರಿ ಹಿಡಿದ ಹವ್ಯಾಸಿ ಮುಗಿಸುತ್ತಾನೆ. ಅಂಚೆ ಇಲಾಖೆ 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಎಂಬ ಯೋಜನೆ ತಂದು, 6ರಿಂದ 9ನೇ ತರಗತಿಯ ಸಂಗ್ರಹಕಾರ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿಯ ವಿದ್ಯಾರ್ಥಿವೇತನ ಏರ್ಪಡಿಸಿತು. ಒಳ್ಳೆಯ ಕೆಲಸ. ಆದರೆ ಆ ಮಕ್ಕಳಿಗೆ ಮೊದಲ ಪಾಠ ಹೇಳುವವರು ನಾವು, ಶಾಲೆಯವರು. ನಾವೇ ತಟ್ಟೆ ನೀರು ಇಟ್ಟುಕೊಟ್ಟರೆ?

ಉಳಿಸಿಕೊಳ್ಳುವುದು ಕಷ್ಟವೇನಲ್ಲ. ಲಕೋಟೆಯನ್ನು ಹರಿಯಬೇಡಿ, ಹಿಂಬದಿಯ ಠಸ್ಸೆಗೆ ಪೆಟ್ಟಾಗದಂತೆ ಪಕ್ಕದ ಅಂಚನ್ನು ಕತ್ತರಿಯಿಂದ ಸಣ್ಣಗೆ ಬಿಡಿಸಿ. ಗುಂಡುಸೂಜಿ, ಜೆಮ್ ಕ್ಲಿಪ್ಪು, ಸ್ಟೇಪಲ್ ಪಿನ್ನು ಬೇಡ. ನಮ್ಮ ಮಳೆಗಾಲದಲ್ಲಿ ಒಂದೇ ವರ್ಷಕ್ಕೆ ತುಕ್ಕಿನ ಕಲೆ ಬೀಳುತ್ತದೆ. ರಬ್ಬರ್ ಬ್ಯಾಂಡು ಕರಗಿ ಅಂಟುತ್ತದೆ. ಸೆಲ್ಲೋಟೇಪು ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸುವಂತಿಲ್ಲ. ಅಂಗಡಿಯ ಅಗ್ಗದ ಪಿವಿಸಿ ಚೀಲಗಳು ಕಾಲಕ್ರಮೇಣ ಬೆವರಿ ಶಾಯಿಯನ್ನು ಎಬ್ಬಿಸುತ್ತವೆ; ಪಾಲಿಯೆಸ್ಟರ್ ಚೀಲವಾದರೆ ಒಳ್ಳೆಯದು, ಸಿಗದಿದ್ದರೆ ಆಮ್ಲವಿಲ್ಲದ ಬಿಳಿ ಕಾಗದದ ಮಡಿಕೆ ಸಾಕು. ಹಾಳೆಗೆ ಅಂಟಿಸುವ ಬದಲು ಹಳೆಯ ಫೋಟೋ ಆಲ್ಬಮ್ಮಿನ ಮೂಲೆಚೀಟಿಗಳಲ್ಲಿ ಸಿಕ್ಕಿಸಿ. ಬಿಸಿಲು ತಾಗದ, ಗೋಡೆಗೆ ಒರಗದ, ಗಾಳಿಯಾಡುವ ಕಪಾಟಿನಲ್ಲಿಡಿ. ಮಳೆಗಾಲ ಮುಗಿದ ಮೇಲೊಮ್ಮೆ ತೆಗೆದು ಬೆಳ್ಳಿಮೀನು ಹುಳ ಬಿದ್ದಿದೆಯೇ ನೋಡಿ. ಯಾರು ಯಾರಿಗೆ ಬರೆದದ್ದೆಂದು ಹಿರಿಯರನ್ನು ಕೇಳಿ, ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ಲಕೋಟೆಯ ಮೇಲೆ ಏನನ್ನೂ ಬರೆಯಬೇಡಿ.

ಪ್ರದರ್ಶನಗಳ ತೀರ್ಪುಗಾರರಲ್ಲಿ ನನ್ನದೊಂದು ಬೇಡಿಕೆ. ಎಷ್ಟು ಸ್ಟಾಂಪು ಎಂದು ಎಣಿಸುವುದನ್ನು ಬಿಡಿ. ಮಗುವನ್ನು ಒಂದೇ ಪ್ರಶ್ನೆ ಕೇಳಿ: 'ಇದು ಎಲ್ಲಿಂದ ಎಲ್ಲಿಗೆ ಹೋಯಿತು?' ಉತ್ತರ ಹೇಳಿದವರಿಗೆ ಬಹುಮಾನ ಕೊಡಿ. ಸಹೋದ್ಯೋಗಿಗಳಾದ ಶಿಕ್ಷಕ ಶಿಕ್ಷಕಿಯರಲ್ಲಿ ಇನ್ನೊಂದು. 'ಮನೆಯಿಂದ ಐವತ್ತು ಸ್ಟಾಂಪು ಬಿಡಿಸಿಕೊಂಡು ಬನ್ನಿ' ಎಂದು ಪ್ರಾಜೆಕ್ಟು ಕೊಡಬೇಡಿ. 'ಮನೆಯಲ್ಲಿರುವ ಅತ್ಯಂತ ಹಳೆಯ ಲಕೋಟೆಯ ಮೇಲೆ ಬರೆದದ್ದನ್ನೆಲ್ಲ ನೋಡಿ ಬರೆದುಕೊಂಡು ಬನ್ನಿ, ಲಕೋಟೆಯನ್ನು ಇದ್ದಲ್ಲೇ ಬಿಟ್ಟು ಬನ್ನಿ' ಎಂದು ಹೇಳಿ. ಇನ್ನು ಮನೆಯವರಲ್ಲಿ: ಟ್ರಂಕಿನಲ್ಲಿ ಕಟ್ಟು ಸಿಕ್ಕಿದರೆ, ನಾಲ್ಕಾಣೆ ಬಾಳುವ ಸ್ಟಾಂಪಿಗಾಗಿ ಅದನ್ನು ನೀರಿಗೆ ಹಾಕಲು ಬಿಡಬೇಡಿ. ಸ್ಟಾಂಪು ಸರ್ಕಾರ ಅಚ್ಚು ಹಾಕಿಸಿದ್ದು, ಅಂಥದ್ದು ಲಕ್ಷಾಂತರ ಇದೆ. ನಿಮ್ಮ ಮನೆಯ ಹೆಸರು ಬರೆದ ಲಕೋಟೆ ಇರುವುದು ಅದೊಂದೇ.